ನಕ್ಷೆಯ ಚುಕ್ಕೆಯ ಮೇಲೆ ಬದುಕುವವರು

ಕಮಲಾಪುರದ ಪ್ರೌಢಶಾಲೆಯಲ್ಲಿ ನನ್ನಿಂದ ಸಮಾಜ ವಿಜ್ಞಾನ ಕಲಿತವರಿಗೆ ನೆನಪಿರಬಹುದು: ಕರ್ನಾಟಕದ ನಕ್ಷೆಯಲ್ಲಿ ಹಟ್ಟಿಗೆ ಚಿನ್ನ, ಕುದುರೆಮುಖಕ್ಕೆ ಕಬ್ಬಿಣ, ಸಂಡೂರಿಗೆ ಮ್ಯಾಂಗನೀಸ್ ಎಂದು ಚುಕ್ಕೆ ಇಡಿಸುತ್ತಿದ್ದೆ. ಚುಕ್ಕೆ ತಪ್ಪಿದರೆ ಅಂಕ ಕಳೆಯುತ್ತಿದ್ದೆ.

ಇತ್ತೀಚೆಗೆ ಕಲಬುರಗಿಯ ಮನೆಯಲ್ಲಿ ಮೊಮ್ಮಗನೊಡನೆ 'ದಿ ಕೋಕೊನಟ್ ರೆವಲ್ಯೂಷನ್' ಎಂಬ ಸಾಕ್ಷ್ಯಚಿತ್ರ ನೋಡಿದೆ. ಪೆಸಿಫಿಕ್ ಸಾಗರದ ಬೂಗನ್‌ವಿಲ್ ದ್ವೀಪದ ಮೂಲನಿವಾಸಿಗಳ ಕಥೆಯದು. ಅಲ್ಲಿ ಬಹುತೇಕ ಕುಲಗಳಲ್ಲಿ ಭೂಮಿ ತಾಯಿಯ ವಂಶದಲ್ಲಿ ಸಾಗಿ ಬರುತ್ತದೆ. 1969ರಲ್ಲಿ ಗಣಿ ಕಂಪನಿಗಾಗಿ ನೆಲ ವಶಪಡಿಸಿಕೊಳ್ಳಲು ಬಂದವರನ್ನು ರೊರೊವಾನದ ಹೆಂಗಸರು ಅಡ್ಡಗಟ್ಟಿ ನಿಂತರು. ಪೊಲೀಸರು ಅಶ್ರುವಾಯು ಸಿಡಿಸಿದರು. 1972ರಲ್ಲಿ ಪಂಗುನಾದ ತಾಮ್ರದ ಗಣಿ ಉತ್ಪಾದನೆ ಆರಂಭಿಸಿತು. ಪಪುವಾ ನ್ಯೂಗಿನಿಯ ರಫ್ತಿನ ದೊಡ್ಡ ಪಾಲು ಅದರಿಂದಲೇ ಬರುತ್ತಿತ್ತು. ದ್ವೀಪದ ನದಿಗೆ ಬಂದದ್ದು ಗಣಿಯ ತ್ಯಾಜ್ಯ. 1988ರಲ್ಲಿ ಎದ್ದ ಬಂಡಾಯ ಮರುವರ್ಷವೇ ಗಣಿಯನ್ನು ಮುಚ್ಚಿಸಿತು. ಸರ್ಕಾರ ದ್ವೀಪಕ್ಕೆ ದಿಗ್ಬಂಧನ ಹಾಕಿದಾಗ ಜನರು ತೆಂಗಿನೆಣ್ಣೆ ಸುರಿದು ವಾಹನ ಓಡಿಸಿದರು. ಚಿತ್ರದ ಹೆಸರು ಅದರಿಂದಲೇ ಬಂದದ್ದು. ಆ ಸಂಘರ್ಷದಲ್ಲಿ ಸಾವಿರಾರು ಜನ ಪ್ರಾಣ ತೆತ್ತರು.

"ಮುತ್ಯಾ, ರೊಕ್ಕ ಕೊಡ್ತೀವಂದ್ರೂ ಅವರು ಭೂಮಿ ಯಾಕ ಬಿಡಲಿಲ್ಲ?" ಎಂದು ಮೊಮ್ಮಗ ಕೇಳಿದ.

ನನಗೆ ನೆನಪಾದದ್ದು ನಮ್ಮ ಕಮಲಾಪುರದ ಕೆಂಪು ಬಾಳೆ. ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಹಣ್ಣಿನ ರುಚಿ ಅಲ್ಲಿಯ ಮಣ್ಣಿನದು. "ಪರಿಹಾರದ ಹಣದಿಂದ ಬೇರೆ ಕಡೆ ಹೊಲ ಕೊಳ್ಳಬಹುದಪ್ಪಾ, ಆ ಮಣ್ಣು ಸಿಗೂದಿಲ್ಲ" ಎಂದೆ.

ನಮ್ಮ ನಾಡಿನಲ್ಲಿಯೂ ಇಂಥ ಹೋರಾಟ ನಡೆದಿದೆ. ಗದಗ ಜಿಲ್ಲೆಯ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದುದು. ಅದರ ಒಡಲಲ್ಲಿ ಕಬ್ಬಿಣವೂ ಚಿನ್ನವೂ ಇವೆ. 2011ರಲ್ಲಿ ಮುಂಡರಗಿ ತಾಲ್ಲೂಕಿನಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗೆ ಭೂಸ್ವಾಧೀನ ಆರಂಭವಾದಾಗ, ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮೀಜಿ ರೈತರ ಮುಂದೆ ನಿಂತರು. ಸರ್ಕಾರ ಹಿಂದೆ ಸರಿಯಿತು. ಗುಡ್ಡಕ್ಕೆ 2015ರಲ್ಲಿ ದೊರೆತ ಸಂರಕ್ಷಿತ ಮೀಸಲು ಪ್ರದೇಶದ ಸ್ಥಾನವನ್ನು ಮರುವರ್ಷ ಹಿಂಪಡೆದಾಗ ಜನ ಮತ್ತೆ ಧರಣಿ ಕುಳಿತರು. 2017ರಲ್ಲಿ ಅದನ್ನು ಮರಳಿ ಪಡೆದರು. 2018ರಲ್ಲಿ ಸ್ವಾಮೀಜಿ ಲಿಂಗೈಕ್ಯರಾದರು. ಮರುವರ್ಷ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು. ಅವರು ಅದನ್ನು ನೋಡಲಿಲ್ಲ. ಅದೇ 2019ರಲ್ಲಿ ಬೂಗನ್‌ವಿಲ್‌ನ ಜನಮತಗಣನೆಯಲ್ಲಿ ಸುಮಾರು ಶೇ. 98ರಷ್ಟು ಮತಗಳು ಸ್ವಾತಂತ್ರ್ಯದ ಪರವಾಗಿ ಬಿದ್ದವು.

ಕಬ್ಬಿಣ, ತಾಮ್ರಗಳಿಲ್ಲದೆ ನಮ್ಮ ಬದುಕು ನಡೆಯದು, ಬಲ್ಲೆ. ಆದರೆ ಚುಕ್ಕೆ ಎಲ್ಲಿಡಬೇಕೆಂದು ಕಲಿಸಿದ ನಾನು, ಆ ಚುಕ್ಕೆಯ ಮೇಲೆ ಯಾರು ಬದುಕಿದ್ದಾರೆಂದು ನಿಮ್ಮನ್ನು ಒಮ್ಮೆಯೂ ಕೇಳಲಿಲ್ಲ. ನಿಮ್ಮಲ್ಲಿ ಹಲವರು ಈಗ ಶಿಕ್ಷಕರಾಗಿದ್ದೀರಿ. ನಕ್ಷೆ ಬಿಡಿಸುವಾಗ ಮಕ್ಕಳಿಗೆ ಆ ಪ್ರಶ್ನೆಯನ್ನೂ ಕೇಳಿರಿ.