ಕೀಲಿಮಣೆಯ ಮೇಲೆ ಮೂರು ಊರುಗಳು

ಸಾಗರದ ಗುಡಿಗಾರರು ಗಂಧದ ಕೊರಡಿಗೆ ಉಳಿ ತಾಗಿಸುವ ಮುನ್ನ ಬಳ್ಳಿ ಹೂಗಳ ನಕ್ಷೆಯನ್ನು ಬರೆದುಕೊಳ್ಳುವಂತೆ, ಗಣಕಯಂತ್ರದ ಕನ್ನಡವೂ ಅದರ ನಿರ್ಮಾತೃಗಳ ಕಾರ್ಯಾಲಯದಲ್ಲಿ ರೂಪುಗೊಳ್ಳುವುದಕ್ಕೆ ಬಹುಕಾಲ ಮೊದಲೇ, ಯಾರ ಅಪ್ಪಣೆಯನ್ನೂ ನಿರೀಕ್ಷಿಸದೆ ಕೇವಲ ಭಾಷಾಪ್ರೇಮದಿಂದ ದುಡಿದ ಕೆಲವರ ಮನಸ್ಸಿನಲ್ಲಿ ಚಿತ್ರಿತವಾಗಿದ್ದಿತು.

ಅವರಲ್ಲಿ ಅಗ್ರಗಣ್ಯರು ಕಿನ್ನಿಕಂಬಳದ ಕೆ.ಪಿ. ರಾವ್. ಇಂಗ್ಲಿಷಿನ 26 ಕೀಲಿಗಳಲ್ಲಿಯೇ ನಮ್ಮ ಸಮಸ್ತ ವರ್ಣಮಾಲೆಯನ್ನು ಬಹುಮಟ್ಟಿಗೆ ಧ್ವನಿಸಾಮ್ಯದಿಂದ ಅಳವಡಿಸಿ, ಗುಣಿತಾಕ್ಷರ ಒತ್ತಕ್ಷರಗಳನ್ನು ಕಟ್ಟುವ ಹೊಣೆಯನ್ನು ಯಂತ್ರಕ್ಕೇ ವಹಿಸಿದ ಅವರ ವಿನ್ಯಾಸದ ಸೊಗಸನ್ನು ಅರಿಯಬೇಕಾದರೆ ನಮ್ಮ ಮಲೆನಾಡಿನ ಮೂರು ಊರುಗಳ ಹೆಸರನ್ನು ಬೆರಳಚ್ಚಿಸಿದರೆ ಸಾಕು. ಹೊಸನಗರಕ್ಕೆ ಎಚ್, ಒ, ಎಸ್, ಎನ್, ಜಿ, ಆರ್ ಎಂಬ ಆರೇ ಕೀಲಿಗಳು. ಸಾಗರಕ್ಕೆ ನಾಲ್ಕು, ಅದರಲ್ಲಿಯೂ ದೀರ್ಘಕ್ಕೆ ಮಾತ್ರ ಶಿಫ್ಟಿನ ನೆರವು. ತೀರ್ಥಹಳ್ಳಿಯ ಕೊನೆಯಲ್ಲಿ ಳಕಾರವನ್ನೊತ್ತಿ, ಎಫ್ ಕೀಲಿಯಿಂದ ಅದರ ಸ್ವರವನ್ನು ಕಳೆದು, ಮತ್ತೆ ಳಕಾರವನ್ನೂ ಇಕಾರವನ್ನೂ ಒತ್ತಿದೊಡನೆ, ಎರಡನೆಯ ಳಕಾರವು ತಾನಾಗಿಯೇ ಕೆಳಗಿಳಿದು ಒತ್ತಾಗುವುದು, ಮೊದಲನೆಯದು ತಲೆಯ ಮೇಲೆ ಗುಡಿಸನ್ನು ಧರಿಸುವುದು! ಬರೆಯುವವನು ಉಚ್ಚಾರಣೆಯ ಕ್ರಮವನ್ನು ಅನುಸರಿಸಿದರೆ ಸಾಕು, ಅಕ್ಷರದ ಆಕಾರವನ್ನು ಚಿಂತಿಸಬೇಕಾಗಿಲ್ಲ. ಇದು ನನ್ನ ಮಟ್ಟಿಗೆ ಲಿಪಿಯ ಸ್ವಭಾವವನ್ನು ಆಳವಾಗಿ ಬಲ್ಲವನಿಗಲ್ಲದೆ ಹೊಳೆಯದ ಕಾಣ್ಕೆ. ವಿದ್ವಾಂಸರಾದ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟ ತಮ್ಮ ತಂತ್ರಾಂಶವನ್ನು ರಾಯರು ಉಚಿತವಾಗಿ ಹಂಚಿದರು. ಮುಂದೆ ರಾಜ್ಯ ಸರ್ಕಾರವೂ ಈ ವಿನ್ಯಾಸವನ್ನೇ ಅಂಗೀಕರಿಸಿತು.

ಆದರೆ ಗಣಕ ಕನ್ನಡದ ಆ ಆರಂಭಕಾಲದಲ್ಲಿ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಸಂಕೇತಕ್ರಮವಿದ್ದುದರಿಂದ, ಒಂದು ಗಣಕದಲ್ಲಿ ಬರೆದ ಲೇಖನವು ಇನ್ನೊಂದರಲ್ಲಿ ಅರ್ಥಹೀನ ಚಿಹ್ನೆಗಳ ರಾಶಿಯಾಗಿ ತೋರುತ್ತಿದ್ದಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ತಂತ್ರಾಂಶ ಬಂದಿತು; ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'. ತೀರ್ಥಹಳ್ಳಿ ಸೀಮೆಯ ಕುಪ್ಪಳಿ ಮನೆತನದ ಪೂರ್ಣಚಂದ್ರ ತೇಜಸ್ವಿಯವರು, ಲೇಖಕರಾಗಿದ್ದೂ ಈ ವಿಷಯವನ್ನು ತಂತ್ರಜ್ಞರಿಗೆ ಬಿಟ್ಟುಕೊಟ್ಟು ಸುಮ್ಮನಿರಲಾರದೆ, 2007ರಲ್ಲಿ ತೀರಿಕೊಳ್ಳುವ ಮುನ್ನ ಕನ್ನಡ ತಂತ್ರಾಂಶದ ಪರವಾಗಿ ಹೋರಾಡಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ಮೂಲಕ ಹೊರಬಂದ ತಂತ್ರಾಂಶವು ಅವರ ತಂದೆಯ 'ಕುವೆಂಪು' ಎಂಬ ಹೆಸರನ್ನು ಪಡೆಯಿತು.

ಈ ನಡುವೆ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಲಿಪಿಗೆ ಎಡೆ ದೊರೆತಾಗ, ಅದರೊಡನೆ ಬಂದ ಅಕ್ಷರಶೈಲಿಯ ಹೆಸರು 'ತುಂಗಾ': ತೀರ್ಥಹಳ್ಳಿಯ ಮಗ್ಗುಲಲ್ಲಿ ಹರಿಯುವ ನಮ್ಮ ಹೊಳೆಯದೇ ಹೆಸರು. ರಾಯರ ಕೀಲಿಮಣೆಯ ವಿನ್ಯಾಸವಾದರೋ ಇನ್ನೂ ದೂರ ಸಾಗಿತು. ಇಂದು ಲಿನಕ್ಸ್ ವ್ಯವಸ್ಥೆಯಲ್ಲಿ ಹಿಂದಿ, ಮರಾಠಿ, ಸಂಸ್ಕೃತ, ತೆಲುಗುಗಳನ್ನು ಬರೆಯುವವರಿಗೂ ಕನ್ನಡ ಗಣಕ ಪರಿಷತ್ತಿನ ಆದ್ಯಕ್ಷರಗಳಾದ 'ಕಗಪ' ಎಂಬ ಹೆಸರಿನಲ್ಲಿಯೇ ಅದೇ ಬಗೆಯ ವಿನ್ಯಾಸವು ಲಭ್ಯವಿದೆ.