ಹೊಸ ಹುಲ್ಲುಗತ್ತರಿ ಮೊದಲ ವಾರದಲ್ಲೇ ಕೆಡುವುದೇಕೆ?

ಗಾಲ್ಫ್ ಮೈದಾನದಲ್ಲೋ ದೊಡ್ಡ ಕ್ರೀಡಾಂಗಣದಲ್ಲೋ ಪುಟ್ಟ ಟ್ರ್ಯಾಕ್ಟರಿನಂಥ ವಾಹನದ ಮೇಲೆ ಕುಳಿತು ಹುಲ್ಲು ಕತ್ತರಿಸುತ್ತ ಸಾಗುವವರನ್ನು ನೀವು ನೋಡಿರಬಹುದು. ನಮ್ಮಲ್ಲಿ ಅಪರೂಪವಾದ ಈ ಯಂತ್ರ ಅಮೆರಿಕದಲ್ಲಿ ತೀರಾ ಸಾಮಾನ್ಯ. ಅಲ್ಲಿ ನಗರದ ಹೊರವಲಯದ ಮನೆಗಳ ಸುತ್ತ ಅರ್ಧ ಎಕರೆ, ಒಂದು ಎಕರೆ ಹುಲ್ಲುಹಾಸು ಇರುವುದುಂಟು. ಹಾಗಾಗಿ ಸಾಧಾರಣ ಗೃಹಸ್ಥರೂ ಇದನ್ನು ಕೊಳ್ಳುತ್ತಾರೆ. ಕೊಂಡ ಮೊದಲ ವಾರದಲ್ಲೇ ದೂರುಗಳೂ ಶುರುವಾಗುತ್ತವೆ. ಕೀಲಿ ತಿರುಗಿಸಿದರೆ 'ಟಿಕ್' ಎಂಬ ಸದ್ದು ಮಾತ್ರ, ಎಂಜಿನ್ ಹೊರಡುವುದಿಲ್ಲ. ಹಿಂದಕ್ಕೆ ಚಲಿಸಿದರೆ ಎಂಜಿನ್ ನಿಂತೇ ಹೋಗುತ್ತದೆ. ಕತ್ತರಿಸಿದ ಹುಲ್ಲು ಒಂದು ಪಕ್ಕ ಗಿಡ್ಡ, ಇನ್ನೊಂದು ಪಕ್ಕ ಉದ್ದ. ಬೆಲ್ಟು ಕಿರುಚುತ್ತದೆ. ಕುಳಿತ ಆಸನ ನಡುಗುತ್ತದೆ.

ಇವುಗಳಲ್ಲಿ ಕೆಲವು ನಿಜವಾದ ದೋಷಗಳು. ಇನ್ನು ಕೆಲವನ್ನು ದೋಷವೆಂದು ಕರೆಯುವಂತೆಯೇ ಇಲ್ಲ. ಯಂತ್ರಕ್ಕೆ ಹಾಗೆಯೇ ವರ್ತಿಸಲು ಹೇಳಿಕೊಟ್ಟಿರುತ್ತಾರೆ. ಎರಡನ್ನೂ ಬೇರ್ಪಡಿಸಿ ನೋಡಲು ಆಯಾ ಭಾಗ ಈ ಯಂತ್ರದೊಳಕ್ಕೆ ಯಾವಾಗ, ಏಕೆ ಬಂತು ಎಂಬುದನ್ನು ಸ್ವಲ್ಪ ತಿಳಿದಿರಬೇಕು.

ಕಥೆ ಆರಂಭವಾಗುವುದು ಹುಲ್ಲಿನಿಂದಲ್ಲ, ಉಣ್ಣೆ ಬಟ್ಟೆಯಿಂದ. ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿ ಸ್ಟ್ರೌಡ್ ಎಂಬ ಊರಿದೆ. 19ನೆಯ ಶತಮಾನದ ಆರಂಭದಲ್ಲಿ ಅದರ ಸುತ್ತಮುತ್ತ ಉಣ್ಣೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಎದ್ದು ನಿಲ್ಲುವ ನವಿರಾದ ಎಳೆಗಳನ್ನು ಒಂದೇ ಮಟ್ಟಕ್ಕೆ ಕತ್ತರಿಸಲು ಅಲ್ಲಿ ಒಂದು ಯಂತ್ರ ಬಳಕೆಯಲ್ಲಿತ್ತು. ಉರುಳೆಯ ಸುತ್ತ ಸುರುಳಿಯಾಗಿ ಕೂರಿಸಿದ ಅಲಗುಗಳು ಸ್ಥಿರವಾದ ಒಂದು ಅಲಗಿನ ಮೇಲೆ ಉಜ್ಜಿದಂತೆ ಹಾಯುತ್ತಿದ್ದವು. ಎಡ್ವಿನ್ ಬಿಯರ್ಡ್ ಬಡ್ಡಿಂಗ್ ಎಂಬ ಯಂತ್ರ ಕುಶಲಿಗೆ ಇದೇ ಏರ್ಪಾಡಿನಿಂದ ಹುಲ್ಲನ್ನೂ ಕತ್ತರಿಸಬಹುದೆಂದು ಹೊಳೆಯಿತು. 1830ರ ಆಗಸ್ಟ್ 31ರಂದು ಆತನಿಗೆ ಪೇಟೆಂಟ್ ದೊರೆಯಿತು. ಬಂಡವಾಳ ಹೂಡಿದವನು ಜಾನ್ ಫೆರಾಬೀ. ಅಕ್ಕಪಕ್ಕದವರು ಹುಚ್ಚನೆಂದಾರು ಎಂದು ಬಡ್ಡಿಂಗ್ ರಾತ್ರಿ ಹೊತ್ತಿನಲ್ಲಿ ಪರೀಕ್ಷೆ ನಡೆಸುತ್ತಿದ್ದನೆಂಬ ಕಥೆಯೂ ಇದೆ, ಎಷ್ಟು ನಿಜವೋ! ಅಲ್ಲಿಯವರೆಗೆ ಹುಲ್ಲುಹಾಸೆಂದರೆ ಕುಡುಗೋಲು ಬೀಸುವ ಆಳುಗಳನ್ನು ಇಟ್ಟುಕೊಳ್ಳಬಲ್ಲ ಸಿರಿವಂತರ ಸೊತ್ತಾಗಿತ್ತು.

ಬಡ್ಡಿಂಗ್‌ನ ಯಂತ್ರದಲ್ಲಿ ಹುಲ್ಲು ಕತ್ತರಿಯ ಎರಡು ಬಾಯಿಗಳ ನಡುವೆ ಸಿಕ್ಕಂತೆ ಕತ್ತರಿಸಿಹೋಗುತ್ತದೆ. ಆದ್ದರಿಂದ ವೇಗ ಹೆಚ್ಚು ಬೇಕಿಲ್ಲ. ಆದರೆ ಉರುಳೆಗೂ ಸ್ಥಿರ ಅಲಗಿಗೂ ನಡುವಿನ ಸಂದು ಕರಾರುವಾಕ್ಕಾಗಿರಬೇಕು. ಸಂದು ಹೆಚ್ಚಾದರೆ ಹುಲ್ಲು ಮಡಚಿಕೊಳ್ಳುತ್ತದೆ, ಕಡಿಮೆಯಾದರೆ ಲೋಹಕ್ಕೆ ಲೋಹ ಉಜ್ಜುತ್ತದೆ. ಎಂದರೆ ಕೊಂಡ ದಿನವೇ ತಿರುಪು ತಿರುಗಿಸಿ ಹೊಂದಿಸಿಕೊಳ್ಳುವ ಕೆಲಸ ಈ ಯಂತ್ರದ ಜೊತೆಯಲ್ಲೇ ಹುಟ್ಟಿತು. ಬೇರೆ ಬೇರೆ ಅಳತೆಗೆ ಹೊಂದುವ ಒಂದು ಬಗೆಯ ಸ್ಪ್ಯಾನರನ್ನು ರೂಪಿಸಿದವನೂ ಇದೇ ಬಡ್ಡಿಂಗ್ ಎಂಬುದು ಆಕಸ್ಮಿಕವಿರಲಾರದು.

ಮುಂದಿನ ನೂರು ವರ್ಷಗಳನ್ನು ಬೇಗನೆ ದಾಟಬಹುದು. 1842ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಕುದುರೆಮರಿಯಂಥ ಸಣ್ಣ ಜಾತಿಯ ಕುದುರೆ ಎಳೆಯುವ ಯಂತ್ರ ತಯಾರಿಸಿದ. ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳದಂತೆ ಕುದುರೆಗಳಿಗೆ ಚರ್ಮದ ಬೂಟು ತೊಡಿಸುತ್ತಿದ್ದರು. 1893ರಲ್ಲಿ ಜೇಮ್ಸ್ ಸಮ್ನರ್ ಉಗಿಯಂತ್ರ ಅಳವಡಿಸಿದ. 1902ರಲ್ಲಿ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ಪೆಟ್ರೋಲ್ ಎಂಜಿನ್ನಿನ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಎಲ್ಲದರಲ್ಲೂ ಇದ್ದದ್ದು ಬಡ್ಡಿಂಗ್‌ನ ಉರುಳೆಯೇ.

ನಿಜವಾದ ಬದಲಾವಣೆ 1930ರ ದಶಕದಿಂದೀಚೆಗೆ ಕಾಣಿಸಿಕೊಂಡಿತು. ಉರುಳೆಯನ್ನು ಬಿಟ್ಟು, ನೆಲಕ್ಕೆ ಸಮಾಂತರವಾಗಿ ಫ್ಯಾನಿನಂತೆ ಗಿರ್ರೆಂದು ಸುತ್ತುವ ಒಂದೇ ಅಲಗನ್ನು ಬಳಸುವ ಯಂತ್ರಗಳು ಬಂದವು. ಇಲ್ಲಿ ಎರಡನೆಯ ಅಲಗು ಇಲ್ಲ. ಹುಲ್ಲಿನ ಎಸಳು ಬಾಗುವಷ್ಟು ಸಮಯ ಕೊಡದೆ ಹೊಡೆದು ತುಂಡರಿಸಬೇಕು. ಎಸಳಿನ ಜಡತ್ವವೇ ಇಲ್ಲಿ ಎರಡನೆಯ ಅಲಗು. ಸಂದು ಹೊಂದಿಸುವ ತಾಪತ್ರಯ ತಪ್ಪಿತು, ಬೆಲೆ ಇಳಿಯಿತು. 1952ರಲ್ಲಿ ಸಿಡ್ನಿಯ ಮರ್ವಿನ್ ವಿಕ್ಟರ್ ರಿಚರ್ಡ್‌ಸನ್ ಇಂಥ ಯಂತ್ರವನ್ನು ಮನೆಯ ಗ್ಯಾರೇಜಿನಲ್ಲಿ ಜೋಡಿಸಿದಾಗ ಪೆಟ್ರೋಲ್ ಟ್ಯಾಂಕಾಗಿ ಬಳಸಿದ್ದು ಪೀಚ್ ಹಣ್ಣಿನ ಖಾಲಿ ಡಬ್ಬ! ಅದೇ ಮುಂದೆ ಆಸ್ಟ್ರೇಲಿಯದ ಪ್ರಸಿದ್ಧ 'ವಿಕ್ಟಾ' ಆಯಿತು. ಅಮೆರಿಕದಲ್ಲಿ ಎರಡನೆಯ ಮಹಾಯುದ್ಧದ ನಂತರ ಬಡಾವಣೆಗಳು ಹಬ್ಬಿದವು. 1953ರಲ್ಲಿ ಬ್ರಿಗ್ಸ್ ಅಂಡ್ ಸ್ಟ್ರ್ಯಾಟನ್ ಕಂಪನಿ ಅಲ್ಯೂಮಿನಿಯಮ್‌ನ ಹಗುರ ಎಂಜಿನ್ ತಂದಿತು. ಟ್ರ್ಯಾಕ್ಟರ್ ಕಂಪನಿಗಳು ಕುಳಿತು ಓಡಿಸುವ ಪುಟ್ಟ ಯಂತ್ರಗಳತ್ತ ತಿರುಗಿದವು. ಇಂಟರ್‌ನ್ಯಾಷನಲ್ ಹಾರ್ವೆಸ್ಟರ್‌ನ ಕಬ್ ಕೆಡೆಟ್ 1961ರಲ್ಲಿ, ಜಾನ್ ಡಿಯರ್‌ನ 110 ಮಾದರಿ 1963ರಲ್ಲಿ ಬಂದವು.

ಹೊಡೆದು ಕತ್ತರಿಸುವುದಕ್ಕೆ ತೆರಬೇಕಾದ ಬೆಲೆ ವೇಗ. ಲೆಕ್ಕ ಹಾಕಿ ನೋಡಿ. ಅಲಗಿನ ಉದ್ದ 53 ಸೆಂ.ಮೀ., ಸುತ್ತುವ ದರ ನಿಮಿಷಕ್ಕೆ 3400 ಸುತ್ತು ಎಂದಿರಲಿ. ತುದಿಯ ವೇಗ ಸೆಕೆಂಡಿಗೆ ಸುಮಾರು 94 ಮೀಟರ್, ಎಂದರೆ ಗಂಟೆಗೆ 340 ಕಿ.ಮೀ. ಅಲಗಿನ ತೂಕ 800 ಗ್ರಾಂ ಎಂದಿಟ್ಟುಕೊಂಡರೆ ಅದರ ಆವರ್ತನ ಚಲನಶಕ್ತಿ ಸುಮಾರು 1190 ಜೌಲ್. 60 ಕೆ.ಜಿ. ತೂಕದ ಮನುಷ್ಯ 2 ಮೀಟರ್ ಎತ್ತರದಿಂದ ಬಿದ್ದಾಗ ಪಡೆಯುವ ಶಕ್ತಿಯೂ ಹೆಚ್ಚುಕಡಿಮೆ ಇಷ್ಟೇ. ಈ ಎರಡು ಅಂಕಿಗಳನ್ನು ನೆನಪಿನಲ್ಲಿಡಿ. ಮುಂದಿನ ಎಲ್ಲ ತೊಂದರೆಗಳ ಮೂಲ ಇಲ್ಲಿದೆ.

ಮೊದಲು ನಡುಕ. ಅಲಗಿನ ಒಂದು ಪಕ್ಕದಲ್ಲಿ, ಕೇಂದ್ರದಿಂದ 25 ಸೆಂ.ಮೀ. ದೂರದಲ್ಲಿ ಕೇವಲ 10 ಗ್ರಾಂ ಹೆಚ್ಚು ತೂಕವಿದೆ ಎಂದುಕೊಳ್ಳಿ. ದ್ರವ್ಯರಾಶಿ, ಕೋನೀಯ ವೇಗದ ವರ್ಗ, ತ್ರಿಜ್ಯ, ಈ ಮೂರನ್ನು ಗುಣಿಸಿದರೆ ಬರುವ ಬಲ ಸುಮಾರು 317 ನ್ಯೂಟನ್. ಎಂದರೆ 32 ಕೆ.ಜಿ. ಭಾರದಷ್ಟು ಬಲ ಸೆಕೆಂಡಿಗೆ 57 ಸಲ ದಿಕ್ಕು ಬದಲಿಸುತ್ತ ಅಲಗಿನ ಅಚ್ಚನ್ನು ಎಳೆದಾಡುತ್ತದೆ. ಹೊಸ ಯಂತ್ರ ನಡುಗಿದರೆ 'ಎಂಜಿನ್ನೇ ಹೀಗೆ' ಎಂದು ಓಡಿಸುತ್ತ ಹೋಗುವುದು ಸಲ್ಲದು. ಮೊದಲು ಎಂಜಿನ್ ನಿಲ್ಲಿಸಿ, ಸ್ಪಾರ್ಕ್ ಪ್ಲಗ್ಗಿನ ವೈರು ಕಳಚಿಟ್ಟು, ಆಮೇಲೆ ಅಲಗಿನ ಬೋಲ್ಟು ಬಿಗಿಯಾಗಿದೆಯೇ, ಕಲ್ಲಿಗೆ ಬಡಿದು ಅಲಗು ಬಾಗಿದೆಯೇ ನೋಡಬೇಕು. ಅಲಗನ್ನು ಬಿಚ್ಚಿ ನಡುವಿನ ರಂಧ್ರವನ್ನು ಒಂದು ಮೊಳೆಗೆ ತೂಗುಹಾಕಿದರೆ ಯಾವ ಕಡೆ ಭಾರವೆಂದು ತಾನೇ ವಾಲಿ ತೋರಿಸುತ್ತದೆ. ತರಗತಿಯಲ್ಲಿ ಅಡಿಪಟ್ಟಿಯಿಂದಲೇ ಇದನ್ನು ಮಾಡಿ ತೋರಿಸಬಹುದು.

ಇನ್ನು ಬೆಲ್ಟು. ಎಂಜಿನ್ನಿನಿಂದ ಅಲಗಿಗೆ ಶಕ್ತಿ ಸಾಗಿಸಲು ಹಲ್ಲುಗಾಲಿಗಳ ಬದಲು ರಬ್ಬರ್ ಬೆಲ್ಟು ಏಕೆ? ಅಗ್ಗವೆಂಬುದು ಒಂದು ಕಾರಣ. ಅಲಗು ಬೇರಿಗೋ ಕಲ್ಲಿಗೋ ತಗುಲಿ ಗಕ್ಕನೆ ನಿಂತಾಗ ಬೆಲ್ಟು ಜಾರಿ ಎಂಜಿನ್ನನ್ನು ಉಳಿಸುತ್ತದೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಇಂಗ್ಲಿಷಿನ 'ವಿ' ಅಕ್ಷರದ ಆಕಾರದ ಈ ಬೆಲ್ಟನ್ನು 1917ರಲ್ಲಿ ರೂಪಿಸಿದ ಹೆಗ್ಗಳಿಕೆ ಡೆನ್ವರ್‌ನ ಜಾನ್ ಗೇಟ್ಸ್‌ನದು. ರಾಟೆಯ ಕೊರಕಲಿನಲ್ಲಿ ಬೆಣೆಯಂತೆ ಕೂರುವುದರಿಂದ ಅದರ ಹಿಡಿತ ಚಪ್ಪಟೆ ಬೆಲ್ಟಿಗಿಂತ ಹೆಚ್ಚು. ಆದರೆ ಹೊಸ ಬೆಲ್ಟು ಮೊದಲ ಕೆಲವು ಗಂಟೆಗಳಲ್ಲಿ ಸ್ವಲ್ಪ ಹಿಗ್ಗಿ, ಕೊರಕಲಿನೊಳಗೆ ಕೂರಬೇಕು. ಆಗ ಕೊಂಚ ಕಿರುಚುವುದು ಸಹಜ. ಕಿರುಚಾಟದ ಜೊತೆ ಸುಟ್ಟ ರಬ್ಬರಿನ ವಾಸನೆಯೂ ಬಂದರೆ ಬೆಲ್ಟು ರಾಟೆಯಿಂದ ಹೊರಗೆ ಸರಿದಿರಬಹುದು ಅಥವಾ ಅದನ್ನು ಬಿಗಿಹಿಡಿಯುವ ಸ್ಪ್ರಿಂಗು ಕಳಚಿರಬಹುದು.

ಹುಲ್ಲು ಓರೆಯಾಗಿ ಕತ್ತರಿಸಿದಾಗ ಹೆಚ್ಚಿನವರು ಅಲಗಿನ ಪೆಟ್ಟಿಗೆಯ ತಿರುಪುಗಳಿಗೆ ಕೈ ಹಾಕುತ್ತಾರೆ. ಅದಕ್ಕೂ ಮೊದಲು ಟೈರುಗಳ ಗಾಳಿ ನೋಡಬೇಕು. ಇವುಗಳಲ್ಲಿ ಮುಂದಿನ ಅಚ್ಚು ನಡುವಿನ ತಿರುಗಣೆಯ ಮೇಲೆ ತೂಗಾಡುವಂತಿರುತ್ತದೆ. ಆದ್ದರಿಂದ ಯಂತ್ರ ಯಾವ ಪಕ್ಕಕ್ಕೆ ವಾಲುತ್ತದೆಂದು ನಿರ್ಧರಿಸುವುದು ಹಿಂಚಕ್ರಗಳೇ. ಹಿಂಚಕ್ರಗಳ ನಡುವಿನ ಅಂತರ 80 ಸೆಂ.ಮೀ., ಅಲಗಿನ ಪೆಟ್ಟಿಗೆಯ ಅಗಲ 107 ಸೆಂ.ಮೀ. ಇದ್ದರೆ, ಒಂದು ಟೈರು 1 ಸೆಂ.ಮೀ. ತಗ್ಗಿದಾಗ ಪೆಟ್ಟಿಗೆಯ ಎರಡು ಅಂಚುಗಳ ಎತ್ತರದಲ್ಲಿ 1.3 ಸೆಂ.ಮೀ. ವ್ಯತ್ಯಾಸ ಬರುತ್ತದೆ. ಇದು ಸಮರೂಪ ತ್ರಿಭುಜದ ಲೆಕ್ಕ, ಅಷ್ಟೇ.

ಎಲ್ಲಕ್ಕಿಂತ ಮುಖ್ಯವಾದುದು ತಾನೇ ತಾನಾಗಿ ನಿಂತುಹೋಗುವ ಎಂಜಿನ್. ಗಂಟೆಗೆ 340 ಕಿ.ಮೀ. ವೇಗದ ಅಲಗು ಮನೆಯಂಗಳಕ್ಕೆ ಬಂದ ಮೇಲೆ ಬೆರಳು, ಪಾದ ಕಳೆದುಕೊಂಡವರ ಸಂಖ್ಯೆಯೂ ಬೆಳೆಯಿತು. 1972ರಲ್ಲಿ ಸ್ಥಾಪನೆಯಾದ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷಾ ಆಯೋಗ, ಕೈಯಿಂದ ತಳ್ಳುವ ಯಂತ್ರಗಳಿಗೆ ಒಂದು ನಿಯಮ ರೂಪಿಸಿತು: ಹಿಡಿಕೆಯಿಂದ ಕೈ ತೆಗೆದ 3 ಸೆಕೆಂಡುಗಳೊಳಗೆ ಅಲಗು ನಿಲ್ಲಬೇಕು. ತಯಾರಕರ ವಿರೋಧ, ತಕರಾರುಗಳ ನಂತರ 1982ರಲ್ಲಿ ಅದು ಜಾರಿಯಾಯಿತು. ಕುಳಿತು ಓಡಿಸುವ ಯಂತ್ರಗಳ ವಿಷಯದಲ್ಲಿ ಕಡ್ಡಾಯ ಕಾನೂನಿನ ಬದಲು ಉದ್ಯಮವೇ ಒಪ್ಪಿಕೊಂಡ ಮಾನಕಗಳು ಬಂದವು. ಆಸನದಡಿ ಒಂದು ಸ್ವಿಚ್ಚು, ಬ್ರೇಕಿಗೆ ಒಂದು, ಅಲಗಿನ ಸನ್ನೆಗೆ ಒಂದು. ಬ್ರೇಕು ಒತ್ತದಿದ್ದರೆ ಎಂಜಿನ್ ಹೊರಡುವುದಿಲ್ಲ. ಅಲಗು ತಿರುಗುತ್ತಿರುವಾಗ ಆಸನದಿಂದ ಎದ್ದರೆ ಎಂಜಿನ್ ನಿಲ್ಲುತ್ತದೆ. ಹಿಂದಕ್ಕೆ ಚಲಿಸುವಾಗ ಅಲಗು ತಿರುಗಬಾರದೆಂಬ ಏರ್ಪಾಡಿನ ಹಿಂದಿನ ಕಾರಣ ನೋವಿನದು. ಆಟವಾಡುತ್ತ ಬೆನ್ನ ಹಿಂದೆ ಬಂದು ನಿಂತ ಮಕ್ಕಳು ಓಡಿಸುವವರಿಗೆ ಕಾಣುತ್ತಿರಲಿಲ್ಲ. ಎಷ್ಟೋ ಸಲ ಓಡಿಸುತ್ತಿದ್ದವರು ತಂದೆ ಅಥವಾ ಅಜ್ಜ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2001ರಲ್ಲಿ ಈ ಏರ್ಪಾಡನ್ನು ಶಿಫಾರಸು ಮಾಡಿತು. 16 ವರ್ಷದೊಳಗಿನವರು ಈ ಯಂತ್ರ ಓಡಿಸಬಾರದು ಎಂಬುದೂ ಅದರ ಸಲಹೆ.

ಈ ಸ್ವಿಚ್ಚುಗಳು ಎಂಜಿನ್ನನ್ನು ನಿಲ್ಲಿಸುವ ರೀತಿ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ಸ್ವಾರಸ್ಯಕರ. ಇಲ್ಲಿ ಬ್ಯಾಟರಿಯ ಕೆಲಸ ಮುಖ್ಯವಾಗಿ ಎಂಜಿನ್ನನ್ನು ಹೊರಡಿಸುವುದು. ಕಿಡಿ ಹುಟ್ಟುವುದು ಮ್ಯಾಗ್ನೆಟೊದಲ್ಲಿ. ಫ್ಲೈವೀಲಿನ ಅಂಚಿಗಿರುವ ಕಾಂತ ಸುರುಳಿಯೆದುರು ಹಾಯುವಾಗ ವಿದ್ಯುತ್ ಪ್ರೇರಣೆಯಾಗುತ್ತದೆ. ಆ ಸುರುಳಿಯನ್ನು ಯಂತ್ರದ ಮೈಗೆ, ಎಂದರೆ 'ಅರ್ತ್'ಗೆ ಸೇರಿಸಿಬಿಟ್ಟರೆ ಕಿಡಿ ಹಾರದು, ಎಂಜಿನ್ ನಿಲ್ಲುತ್ತದೆ. ಹಾಗಾಗಿ ಹೊಸ ಯಂತ್ರದಲ್ಲಿ ಎಲ್ಲೋ ವೈರಿನ ಹೊದಿಕೆ ಸುಲಿದು ಮೈಗೆ ತಗುಲಿದರೆ ಎಂಜಿನ್ ಹೊರಡುವುದೇ ಇಲ್ಲ. ಅದೇ ವೈರು ಕಡಿದುಹೋದರೆ ಎಂಜಿನ್ ಓಡುತ್ತಲೇ ಇರುತ್ತದೆ, ಕೀಲಿ ತೆಗೆದರೂ ನಿಲ್ಲದು! ಸುರಕ್ಷೆಯ ದೃಷ್ಟಿಯಿಂದ ಇದು ಒಳ್ಳೆಯ ವಿನ್ಯಾಸವೇ? ನನಗಂತೂ ಅಲ್ಲವೆನಿಸುತ್ತದೆ, ನೀವು ತರಗತಿಯಲ್ಲಿ ಚರ್ಚಿಸಿ. ಉಬ್ಬುತಗ್ಗಿನ ನೆಲದಲ್ಲಿ ಹಗುರ ಮೈಯವರು ಆಸನದಿಂದ ಪುಟಿದಾಗ ಎಂಜಿನ್ ತಡವರಿಸುವುದೂ ಇದೇ ಸ್ವಿಚ್ಚಿನಿಂದ. ಬೇಸತ್ತು ಆ ಸ್ವಿಚ್ಚನ್ನೇ ನಿಷ್ಕ್ರಿಯಗೊಳಿಸುವವರಿದ್ದಾರೆ. ರಿಪೇರಿಗಳಲ್ಲೆಲ್ಲ ಇದು ಅತ್ಯಂತ ಅಪಾಯಕಾರಿ.

ಹೊಸದೇ ಏಕೆ ಹೆಚ್ಚು ತೊಂದರೆ ಕೊಡಬೇಕು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ. 1693ರಲ್ಲಿ ಎಡ್ಮಂಡ್ ಹ್ಯಾಲಿ (ಧೂಮಕೇತುವಿನ ಹ್ಯಾಲಿಯೇ) ಬ್ರೆಸ್ಲೌ ನಗರದ ಜನನ ಮರಣಗಳ ದಾಖಲೆಯಿಂದ ಆಯುಷ್ಯದ ಕೋಷ್ಟಕ ಪ್ರಕಟಿಸಿದ. ಆ ಕಾಲದಲ್ಲಿ ಸಾವು ಶೈಶವದಲ್ಲಿ ಹೆಚ್ಚು, ಹರೆಯದಲ್ಲಿ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು. ಯಂತ್ರಗಳಿಗೂ ಇದನ್ನೇ ಅನ್ವಯಿಸಿ ಸ್ನಾನದ ತೊಟ್ಟಿಯ ಆಕಾರದ ವಕ್ರರೇಖೆ ಎಳೆಯುವುದು ಎಂಜಿನಿಯರಿಂಗ್ ಪಠ್ಯಗಳಲ್ಲಿ ರೂಢಿಯಾಯಿತು. ಸ್ವೀಡನ್ನಿನ ವಲೋಡಿ ವೈಬುಲ್ 1951ರಲ್ಲಿ ಕೊಟ್ಟ ಸೂತ್ರ ಇದಕ್ಕೆ ಗಣಿತದ ಭಾಷೆ ಒದಗಿಸಿತು. ಅದರ ಒಂದು ಗುಣಾಂಕ 1ಕ್ಕಿಂತ ಕಡಿಮೆಯಿದ್ದರೆ ಕಾಲ ಕಳೆದಂತೆ ಕೆಡುವ ಸಂಭವ ಇಳಿಯುತ್ತದೆ, ಹೆಚ್ಚಿದ್ದರೆ ಏರುತ್ತದೆ. ಆದರೆ 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ನೋಲನ್ ಮತ್ತು ಹೀಪ್ ವಿಮಾನದ ಬಿಡಿಭಾಗಗಳನ್ನು ಪರಿಶೀಲಿಸಿದಾಗ ಪೂರ್ಣ ತೊಟ್ಟಿಯ ಆಕಾರ ಕಂಡದ್ದು ಶೇ. 4ರಲ್ಲಿ ಮಾತ್ರ. ಶೇ. 68ರಷ್ಟು ಭಾಗಗಳಲ್ಲಿ ಕಂಡದ್ದು ಹೊಸದರಲ್ಲಿ ಹೆಚ್ಚು ಕೆಟ್ಟು, ನಂತರ ಒಂದೇ ಸಮನೆ ಸಾಗುವ ನಡವಳಿಕೆ. ಹುಲ್ಲುಗತ್ತರಿ ವಿಮಾನವಲ್ಲ, ನಿಜ. ಆದರೂ ಜೋಡಣೆಯ ಲೋಪ, ಸಾಗಣೆಯ ಕುಲುಕಾಟ ಇಲ್ಲಿಯೂ ಇವೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ನಿಂತ ಯಂತ್ರದ ಸೀಸ-ಆಮ್ಲ ಬ್ಯಾಟರಿ ತಾನಾಗಿಯೇ ಬರಿದಾಗುತ್ತದೆ. ಪೂರ್ತಿ ತುಂಬಿದಾಗ 12.6 ವೋಲ್ಟ್ ಇರಬೇಕಾದುದು 12ಕ್ಕಿಂತ ಇಳಿದಿದ್ದರೆ 'ಟಿಕ್' ಸದ್ದಿನ ರಹಸ್ಯ ಬಯಲಾದಂತೆ. ಪಿಸ್ಟನ್ನಿನ ಬಳೆಗಳು ಸಿಲಿಂಡರಿಗೆ ಒಗ್ಗಿಕೊಳ್ಳುವಾಗ ಲೋಹದ ಸಣ್ಣ ಪುಡಿ ಎಣ್ಣೆಗೆ ಸೇರುತ್ತದೆ. ಮೊದಲ 5-8 ಗಂಟೆಗಳಲ್ಲೇ ಎಣ್ಣೆ ಬದಲಿಸಿ ಎಂದು ಅನೇಕ ಕೈಪಿಡಿಗಳು ಹೇಳುವುದು ಇದಕ್ಕೇ.

ನಮ್ಮ ಮಲೆನಾಡಿನ ಅಡಿಕೆ ತೋಟಗಳಲ್ಲಿ ಹೆಗಲಿಗೆ ಹಾಕಿಕೊಂಡು ಹುಲ್ಲು ಹೊಡೆಯುವ ಯಂತ್ರವೂ ಇದೇ ವಂಶದ್ದು. ಹೊಡೆದು ಕತ್ತರಿಸುವ ತತ್ತ್ವ, ಕಿಡಿಗೆ ಕಾಂತ ಮತ್ತು ಸುರುಳಿ, ಎಲ್ಲವೂ ಅದೇ. ಅದರ ಹೊಸ ತೊಂದರೆ ಇಂಧನದ್ದು. 2025ರ ವೇಳೆಗೆ ನಮ್ಮ ಪೆಟ್ರೋಲಿನಲ್ಲಿ ಎಥನಾಲ್ ಪ್ರಮಾಣ ಶೇ. 20ಕ್ಕೆ ಏರಿತು. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ಮಳೆಗಾಲವಿಡೀ ಕೊಟ್ಟಿಗೆಯಲ್ಲಿಟ್ಟ ಕ್ಯಾನಿನಲ್ಲಿ ನೀರಿನಂಶ ಒಂದು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಕೂಡಿ ತಳದಲ್ಲಿ ಬೇರೆ ಪದರವಾಗುತ್ತವೆ. ಎರಡು ಹೊಡೆತದ ಎಂಜಿನ್ನಿಗೆಂದು ಬೆರೆಸಿದ ಎಣ್ಣೆ ಮಾತ್ರ ಮೇಲಿನ ಪೆಟ್ರೋಲಿನ ಜೊತೆ ಉಳಿಯುತ್ತದೆ. ಕಾರ್ಬುರೇಟರಿಗೆ ತಳದ ಪದರ ಹೋದರೆ ಎಂಜಿನ್ ಹೊರಡದಿರುವುದು ಅದೃಷ್ಟ. ಹೊರಟರೆ ಎಣ್ಣೆಯಿಲ್ಲದೆ ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಒಂದು ಗಾಜಿನ ಸೀಸೆಯಲ್ಲಿ ಹಳೆಯ ಇಂಧನವನ್ನು ಸ್ವಲ್ಪ ತೆಗೆದು ಬೆಳಕಿಗೆ ಹಿಡಿದರೆ ಪದರ ಬೇರೆಯಾಗಿದೆಯೇ ಎಂಬುದು ಬರಿಗಣ್ಣಿಗೇ ಕಾಣುತ್ತದೆ.