ಅವಕೆಂಪು ಲೇಸರ್ ರೋಹಿತದರ್ಶನ
ಗಾಳಿಯಲ್ಲಿ ಬೆರೆತ ಹಲವು ಅನಿಲಗಳನ್ನು ಒಮ್ಮೆಗೇ ಗುರುತಿಸಿ ಅಳೆಯುವ ವಿಧಾನ. ಪ್ರತಿ ಅನಿಲವೂ ತನ್ನದೇ ತರಂಗಾಂತರಗಳ ಬೆಳಕನ್ನು ಹೀರುತ್ತದೆ: ಮೀಥೇನ್ ಸುಮಾರು 3.3, ಕಾರ್ಬನ್ ಡೈಆಕ್ಸೈಡ್ 4.3, ಕಾರ್ಬನ್ ಮೊನಾಕ್ಸೈಡ್ 4.7 ಮೈಕ್ರೋಮೀಟರ್ ಬಳಿ. ಹಲವು ಲೇಸರ್‌ಗಳ ಕಿರಣಗಳನ್ನು ಕೂಡಿಸಿ ಗಾಳಿಯ ಮೂಲಕ ಹಾಯಿಸಿ, ಯಾವ ಬೆಳಕು ಎಷ್ಟು ಕುಂದಿತೆಂದು ನೋಡಿದರೆ ಬಿಯರ್–ಲ್ಯಾಂಬರ್ಟ್ ನಿಯಮದಂತೆ ಅನಿಲಗಳ ಪ್ರಮಾಣ ತಿಳಿಯುತ್ತದೆ. ಕನ್ನಡಿಗಳ ನಡುವೆ ಕಿರಣವನ್ನು ಹಲವು ಬಾರಿ ಓಡಾಡಿಸಿದರೆ ಅತ್ಯಲ್ಪ ಅನಿಲವೂ ಪತ್ತೆಯಾಗುತ್ತದೆ. 1994ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ಕ್ವಾಂಟಮ್ ಕ್ಯಾಸ್ಕೇಡ್ ಲೇಸರ್ ಈ ವಿಧಾನಕ್ಕೆ ಬಲ ತಂದಿತು. ಚೆನ್ನೈನ ಪಲ್ಲಾವರಂನಂಥ ಚರ್ಮ ಹದಮಾಡುವ ಪ್ರದೇಶಗಳಿಗೆ ಇಂಥ ಅಳತೆ ಬಹಳ ಮುಖ್ಯ. ಚರ್ಮೋದ್ಯಮದ ಕೊಳಚೆ ತೊಟ್ಟಿಗಳಲ್ಲಿ ಹೈಡ್ರೋಜನ್ ಸಲ್ಫೈಡ್ ಎಂಬ ವಿಷಾನಿಲ ಹುಟ್ಟಬಹುದು. ಅದು ಹೆಚ್ಚಾದಾಗ ಮೂಗು ವಾಸನೆಯನ್ನೇ ಗ್ರಹಿಸದು. ತೊಟ್ಟಿಗೆ ಇಳಿಯುವ ಮುನ್ನ ಮೂಗನ್ನು ನಂಬದೆ ಉಪಕರಣದಿಂದಲೇ ಅಳೆಯಬೇಕು.